ಬೆಟ್ಟದ ಮೇಲಿನ ಕಡಲಿಗೆ ವಾರಕ್ಕೆ ಇಪ್ಪತ್ತು ಲೀಟರ್

ಭಾನುವಾರ ಬೆಳಗಿನ ಆರೂವರೆ. ಮಡಿಕೇರಿಯ ಬೀದಿಗಳಿಂದ ಮಂಜು ಇನ್ನೂ ಎದ್ದಿಲ್ಲ. ಗಾಳಿಬೀಡು ಹಳ್ಳಿಯ ಜೀಪಿನಿಂದ ಇಳಿದ ತುಳಸಿ, ಹಲ್ಲಿನ ಡಾಕ್ಟರು ವಿಷ್ಣುಪ್ರಸಾದರ ಕ್ಲಿನಿಕ್ಕಿನ ಶಟರ್ ಎತ್ತಿ, ಮೊಣಕೈವರೆಗೆ ಬರೀ ನೀರಿನಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಸೋಪು ಮೀನಿಗಾಗದು, ಮುಟ್ಟುವುದಿಲ್ಲ. ರೋಗಿಗಳು ಕಾಯುವ ಹಜಾರದ ಮೂಲೆಯಲ್ಲಿ ಇನ್ನೂರು ಲೀಟರಿನ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ನಾಲ್ಕಾರು ಕಡಲಕಲ್ಲು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಲೈಟು ಹಾಕಿದ ಕೂಡಲೇ ಎರಡೂ ಗಾಜಿಗೆ ಮೂತಿ ಒತ್ತುತ್ತವೆ.

"ನನ್ನ ಗುರುತುಂಟು ಇವಕ್ಕೆ. ಡಾಕ್ಟ್ರು ಬಂದ್ರೆ ಕಲ್ಲಿನ ಹಿಂದೆ ಹೋಗ್ತವೆ. ಹಲ್ಲು ಕೀಳ್ತಾರೆ ಅಂತ ಇರ್ಬೇಕು," ಎನ್ನುತ್ತಾರೆ ತುಳಸಿ.

ಪಕ್ಕದ ಬಕೆಟ್ಟಿನಲ್ಲಿ ನಿನ್ನೆಯೇ ಕಲಸಿಟ್ಟ ಇಪ್ಪತ್ತು ಲೀಟರ್ ನೀರು ಸಿದ್ಧವಾಗಿದೆ. ಲೀಟರಿಗೆ ಮೂವತ್ತೈದು ಗ್ರಾಂ ಕಡಲುಪ್ಪು ಹಾಕಿ, ಚಿಕ್ಕ ಪಂಪು ಬಿಟ್ಟು, ಹೀಟರಿನಿಂದ ತೊಟ್ಟಿಯಷ್ಟೇ ಬೆಚ್ಚಗೆ ಮಾಡಿದ್ದಾರೆ. ತೊಟ್ಟಿಯಿಂದ ಪೈಪಿನಲ್ಲಿ ಇಪ್ಪತ್ತು ಲೀಟರ್ ಎಳೆದು, ಅಷ್ಟನ್ನೇ ಮೆಲ್ಲನೆ ಸುರಿಯುವುದು ಪ್ರತಿ ಭಾನುವಾರದ ಕೆಲಸ. ಹತ್ತರಲ್ಲೊಂದು ಪಾಲು, ವಾರಕ್ಕೊಮ್ಮೆ. ಹಲ್ಲುನೋವಿನಿಂದ ಕೆನ್ನೆ ಹಿಡಿದು ಕೂತವರೂ ಕೇಳುವ ಪ್ರಶ್ನೆ ಒಂದೇ: ಪೂರ್ತಿ ನೀರು ಯಾಕೆ ಬದಲಿಸಬಾರದು?

ಸಿದ್ದಾಪುರದ ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿ ಹುಟ್ಟಿ, ಹನ್ನೆರಡು ವರ್ಷ ಕಾಫಿ ಕುಯ್ದ ತುಳಸಿಯ ಬಳಿ ಉತ್ತರವಿದೆ. "ತೋಟದಲ್ಲಿ ನೆರಳಿನ ಮರ ಎಲ್ಲಾ ಒಂದೇ ದಿನ ಕಡಿದ್ರೆ ಕಾಫಿ ಗಿಡ ಉಳೀತದಾ? ಅಲ್ಲೊಂದು ಕೊಂಬೆ, ಇಲ್ಲೊಂದು ಕೊಂಬೆ ತೆಗಿಬೇಕು. ಇದೂ ಹಾಗೇ."

ಆ ಮಾತು ಪುಕ್ಕಟೆ ಬಂದದ್ದಲ್ಲ. ಗಾಳಿಬೀಡಿಗೆ ಮದುವೆಯಾಗಿ ಬಂದ ಮೇಲೆ ಅವರು ಈ ಕ್ಲಿನಿಕ್ಕಿಗೆ ಕಸ ಗುಡಿಸಲು ಸೇರಿದರು. ಆರು ವರ್ಷದ ಹಿಂದೆ, ಆಯುಧಪೂಜೆಯ ಮುನ್ನಾದಿನ, ಕ್ಲಿನಿಕ್ಕಿನ ಕುರ್ಚಿಯಿಂದ ಇಕ್ಕಳದವರೆಗೆ ಎಲ್ಲವೂ ಫಳಫಳ ಹೊಳೆಯುತ್ತಿದ್ದಾಗ ಈ ತೊಟ್ಟಿಯೊಂದೇ ಮಂಕಾಗಿ ಕಂಡಿತು. ನೀರೆಲ್ಲ ಚೆಲ್ಲಿದರು. ಕಲ್ಲುಗಳನ್ನು ನಲ್ಲಿ ಕೆಳಗಿಟ್ಟು ಬ್ರಶ್ಶಿನಿಂದ ಉಜ್ಜಿ ಬೆಳ್ಳಗಾಗಿಸಿದರು. ಹೊಸ ನೀರಿಗೆ ಉಪ್ಪನ್ನೇನೋ ಅಳತೆಯಲ್ಲೇ ಹಾಕಿದ್ದರು. ಆದರೆ ಮೀನಿನ ಕೊಳೆಯನ್ನು ಅರಗಿಸಿ ನೀರನ್ನು ಹದದಲ್ಲಿಡುವ, ಕಣ್ಣಿಗೆ ಕಾಣದ ಜೀವಗಳು ಆ ಕಲ್ಲಿನಲ್ಲೇ ಇರುವುದು ಯಾರಿಗೆ ಗೊತ್ತು? ವಾರದೊಳಗೆ ಆಗಿದ್ದ ನಾಲ್ಕು ಮೀನೂ ಸತ್ತು ತೇಲಿದವು. ತುಳಸಿ ಎರಡು ದಿನ ಅನ್ನ ಮುಟ್ಟಲಿಲ್ಲ. ಡಾಕ್ಟರು ಬೈಯಲಿಲ್ಲ, ಇನ್ನೊಂದು ಸಲ ಹೀಗಾದರೆ ತೊಟ್ಟಿಯನ್ನೇ ತೆಗೆಸಿಬಿಡುತ್ತೇನೆ ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು ಎನ್ನುವುದು ತುಳಸಿಯ ಅಂಬೋಣ.

ಹೊಸ ಜೋಡಿಯನ್ನು ತಂದ ಮಂಗಳೂರಿನ ಅಕ್ವೇರಿಯಂ ಅಂಗಡಿಯ ಕೆಲಸಗಾರನನ್ನು ಅಂದು ಸಂಜೆಯವರೆಗೂ ಬಿಡದೆ ಕೂರಿಸಿಕೊಂಡು ಒಂದೊಂದನ್ನೂ ಕೇಳಿ ಕಲಿತರು. ಆ ಜೋಡಿಯೇ ಇದು. ಈಗ ಮಡಿಕೇರಿಯ ಸುತ್ತ ಇನ್ನೂ ಎರಡು ಹೋಂಸ್ಟೇಗಳ ಉಪ್ಪುನೀರಿನ ತೊಟ್ಟಿಗಳು ಅವರ ಕೈಯಲ್ಲಿವೆ. ಆರು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಲ್ಲ. ಮಗಳು ರಶ್ಮಿತಾಳ ಮದುವೆಯ ದಿನವೂ ಧಾರೆ ಮುಗಿಸಿ, ರೇಷ್ಮೆ ಸೀರೆಯ ಮೇಲೆ ಟವೆಲ್ ಸುತ್ತಿಕೊಂಡು ಬಂದು ಹೋಗಿದ್ದರಂತೆ.

ಈ ಭಾನುವಾರದ ಪರೀಕ್ಷೆ ಬೇರೆ. ಎರಡು ದಿನದ ಹಿಂದೆ ತುಲಾ ಸಂಕ್ರಮಣ. ಮಹಡಿ ಮೇಲಿರುವ ಡಾಕ್ಟರ ತಾಯಿ ಕಾತ್ಯಾಯನಿ ತಲಕಾವೇರಿಯಿಂದ ತೀರ್ಥ ತರಿಸಿ, ವಾಡಿಕೆಯಂತೆ ಮನೆಯ ಬಾವಿಗೆ ಹಾಕಿದ್ದಾರೆ. ಉಳಿದ ಹತ್ತು ಲೀಟರಿನ ಕ್ಯಾನು ಹಿಡಿದು ಈಗ ಮೆಟ್ಟಿಲಿಳಿದು ಬಂದಿದ್ದಾರೆ. ಬಕೆಟ್ಟಿನ ಅರ್ಧ ನೀರು ತೆಗೆದು ಬದಲಿಗೆ ತೀರ್ಥ ಹಾಕಬೇಕೆಂಬುದು ಅವರ ಅಪ್ಪಣೆ.

"ಕಾವೇರಮ್ಮ ಕಡೆಗೆ ಸೇರೋದು ಸಮುದ್ರಾನೇ ಅಲ್ವಾ? ಬಾವಿಗಾದ್ರೆ ಆಗ್ತದೆ, ಮೀನಿಗೆ ಬೇಡ್ವಾ?"

ತುಳಸಿಯ ಮುಖ ಬಾಡುತ್ತದೆ. ಅಷ್ಟು ಸಿಹಿನೀರು ಒಮ್ಮೆಲೇ ಬಿದ್ದರೆ ಉಪ್ಪು ಇಳಿದು ಮೀನು ಬಳಲುತ್ತದೆ. ಮೀನು ಹೋದರೆ ತೊಟ್ಟಿಯೂ ಹೋಗುತ್ತದೆ. ತೀರ್ಥ ಬೇಡವೆನ್ನಲು ಬಾಯಿ ಬರುವುದಿಲ್ಲ. ಅವರು ಗಾಜಿನ ಹೊರಗೆ ಅಂಟಿಸಿದ ಟೇಪಿನತ್ತ ನೋಡುತ್ತಾರೆ. ನೀರು ಆ ಗುರುತಿನಿಂದ ಕಿರುಬೆರಳಿನ ಅರ್ಧ ದಪ್ಪದಷ್ಟು ಕೆಳಗಿದೆ. ಮುಖ ಅರಳುತ್ತದೆ.

"ಅಮ್ಮ, ಸಾರು ಕುದ್ದು ಇಂಗಿದ್ರೆ ಉಪ್ಪು ಹಾಕ್ತೀರಾ, ನೀರು ಹಾಕ್ತೀರಾ?"

"ನೀರೇ. ಉಪ್ಪು ಅಲ್ಲೇ ಇರ್ತದಲ್ಲ."

"ಇಲ್ಲೂ ಆರಿ ಹೋಗಿದ್ದು ಬರೀ ನೀರು. ಒಂದೂವರೆ ಲೀಟರ್ ಸಿಹಿನೀರು ಬೇಕು. ಅದು ತೀರ್ಥಾನೇ ಆಗ್ಲಿ. ಬಕೆಟ್ಟಿನ ಉಪ್ಪುನೀರಿಗೆ ಮಾತ್ರ ಕೈ ಹಾಕ್ಬೇಡಿ."

ಇಷ್ಟೇನಾ ಎಂದು ಕಾತ್ಯಾಯನಿ ಚೌಕಾಶಿಗಿಳಿಯುತ್ತಾರೆ. ಮೂರು ಲೀಟರ್, ಎರಡು ಲೀಟರ್ ಎಂದು ನೋಡುತ್ತಾರೆ. ತುಳಸಿ ಜಗ್ಗುವುದಿಲ್ಲ. ಎರಡು ಬಾಟಲಿಗೆ ತೀರ್ಥ ತುಂಬಿ, ತೆಳು ಬಟ್ಟೆಯಲ್ಲಿ ಹೂವಿನ ಎಸಳು ಸೋಸಿ, ಬೆಚ್ಚಗಿನ ಬಕೆಟ್ಟಿನಲ್ಲಿ ಮುಕ್ಕಾಲು ಗಂಟೆ ಇಳಿಬಿಟ್ಟು ಚಳಿ ಬಿಡಿಸುತ್ತಾರೆ. ಮೊದಲು ವಾರದ ಇಪ್ಪತ್ತು ಲೀಟರ್ ಬದಲಾಗುತ್ತದೆ. ಆಮೇಲೆ ಕಾತ್ಯಾಯನಿಯ ಕೈಯಿಂದಲೇ ಲೋಟ ಲೋಟವಾಗಿ ತೀರ್ಥ. ನೀರು ಟೇಪಿಗೆ ಸರಿಯಾಗಿ ಬಂದು ನಿಲ್ಲುತ್ತದೆ.

ಅರ್ಧ ಗಂಟೆ ಬಿಟ್ಟು ತುಳಸಿ ಉಪ್ಪಿನ ಸಾಂದ್ರತೆ ನೋಡುವ ಗಾಜಿನ ಕಡ್ಡಿ ಇಳಿಬಿಡುತ್ತಾರೆ. ಎಂದಿನ ಗೆರೆಯಲ್ಲೇ ನಿಂತಿದೆ. ಮೀನೆರಡೂ ಕಾತ್ಯಾಯನಿಯ ಬೆರಳಿನ ಹಿಂದೆ ಗಾಜಿನುದ್ದಕ್ಕೂ ಓಡಾಡುತ್ತವೆ. ಬರುವ ವರ್ಷ ತೀರ್ಥ ಬಂದ ದಿನವೇ ಹೇಳಿಕಳಿಸುತ್ತೇನೆ, ಟೇಪಿನ ಕೆಳಗೆ ಜಾಗ ಬಿಟ್ಟಿರು ಎಂದು ಹೇಳಿ ಅವರು ಕಾಫಿ ಮಾಡಲು ಮೇಲೆ ಹೋಗುತ್ತಾರೆ.

ವಾರವಾರ ಕಡಲು ಕಲಸುವ ತುಳಸಿ ಕಡಲನ್ನು ಇನ್ನೂ ನೋಡಿಲ್ಲ. ಒಮ್ಮೆ ಮಂಗಳೂರಿಗೆ ಹೋಗುವ ಆಸೆಯಿದೆ. ಭಾನುವಾರ ಬಿಟ್ಟು, ಸೋಮವಾರದ ಬಸ್ಸಿಗೆ. ಗಾಜಿನ ಕಡ್ಡಿಯನ್ನು ಒರೆಸಿ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಡುತ್ತಾ ನಗುತ್ತಾರೆ.

"ಇದನ್ನೂ ತಗೊಂಡೇ ಹೋಗೋದು. ಅಲ್ಲಿಯ ನೀರು ನನ್ನ ಲೆಕ್ಕಕ್ಕೆ ಸರಿ ಉಂಟಾ ನೋಡ್ಬೇಕಲ್ಲ."