ಹತ್ತು ಫೋಟೊ, ಒಂದು ‘ಸೇಫ್’

ಅರಬ್ ನಾಡಿನ ಅಲ್ ಖರ್ಜ್‌ನ ಹಾಲಿನ ಕಾರ್ಖಾನೆಯಲ್ಲಿ ನಾನು ವೆಲ್ಡರ್. ಎರಡಾಳು ಎತ್ತರದ ಉಕ್ಕಿನ ಟ್ಯಾಂಕುಗಳೊಳಗೆ ಇಳಿದು ಬಿರುಕು ಬೆಸೆಯುವುದು ನನ್ನ ಕೆಲಸ. ಇಳಿಯುವ ಮೊದಲು ಹೊರಗೆ ನಿಂತವನೊಬ್ಬ ಎಲ್ಲ ಪರೀಕ್ಷಿಸಿ, ಗಟ್ಟಿಯಾಗಿ ‘ಸೇಫ್’ ಎನ್ನಬೇಕು. ಆ ಒಂದು ಮಾತನ್ನು ನಂಬಿಯೇ ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋಗುವುದು.

ಕಳೆದ ವರ್ಷ ಹೊಸ ಯಂತ್ರ ಕೂರಿಸಲು ಚೀನಾದವರು ಬಂದರು. ಅವರಲ್ಲಿ ನಡುವಯಸ್ಸಿನ ಒಬ್ಬ ಫಿಟ್ಟರನನ್ನು ಹೊರಗೆ ನಿಲ್ಲುವ ಕೆಲಸಕ್ಕೆ ಆರಿಸಿದರು. ಪರೀಕ್ಷೆಗೆ ಅವನನ್ನು ತಯಾರು ಮಾಡುವುದನ್ನು ನನ್ನ ಕೊರಳಿಗೆ ಗಂಟುಹಾಕಿದರು. ನಾನೇನು ಮೇಷ್ಟ್ರೇ? ನನ್ನ ಇಂಗ್ಲಿಷೇ ಕುಂಟುತ್ತದೆ.

ಅವನೋ ‘ಸೇಫ್’ ಎಂದರೇನೆಂದು ಹುಡುಕಲು ಮೊಬೈಲಿನ ನಿಘಂಟು ತೆರೆದು ಕೂತ. ಸೇಫ್ ಪ್ರಯಾಣವಂತೆ, ಸೇಫ್ ಚಾಲಕನಂತೆ, ಸೇಫ್ ಉತ್ತರವಂತೆ. ಪ್ರತಿಯೊಂದಕ್ಕೂ ಚೀನೀ ಅಕ್ಷರದಲ್ಲಿ ಒಂದು ಸಾಲು ಬರೆದು, ‘ಯಾವುದು ಸರಿ, ಟೀಚರ್?’ ಎಂದು ಕೇಳುವನು. ನನ್ನ ಊಟದ ಬಿಡುವೆಲ್ಲ ಇದರಲ್ಲೇ ಹೋಯಿತು. ಮೂರನೇ ವಾರ ತಲೆ ಕೆಟ್ಟು, ಅವನ ಕೈ ಹಿಡಿದೆಳೆದು ಟ್ಯಾಂಕಿನ ವಾಲ್ವ್ ಮೇಲೆ ಇಟ್ಟೆ. ‘ಮುಟ್ಟಿ ನೋಡು. ಮುಟ್ಟದೆ ಆ ಮಾತು ನಿನ್ನ ಬಾಯಿಂದ ಬರಕೂಡದು!’ ಅವನು ಬರೆದದ್ದನ್ನೆಲ್ಲ ಹೊಡೆದುಹಾಕಿ ಅದೊಂದನ್ನೇ ಬರೆದುಕೊಂಡ.

ಪರೀಕ್ಷೆ ಮಾಡಿದ್ದು ನಮ್ಮ ಪುತ್ತೂರು ಕಡೆಯ ಆಫೀಸರ್. ನಗುತ್ತಾ ಹೊರಬಂದರು.

‘ಎಂತ ಮಾರಾಯ ಕಲಿಸಿದ್ದು ನೀನು? ಹತ್ತು ಫೋಟೊ ತೋರಿಸಿದೆ. ಏಣಿ, ವಯರು, ಟ್ಯಾಂಕು. ಸೇಫಾ ಅಲ್ವಾ ಹೇಳು ಅಂದ್ರೆ ಹತ್ತಕ್ಕೂ ಒಂದೇ ಉತ್ತರ. ನಾನು ಮುಟ್ಟಿ ನೋಡ್ಲಿಲ್ಲ, ಗೊತ್ತಿಲ್ಲ ಅಂತ!’

‘ಅವ ಹೇಳಿದ್ದು ಸರಿಯೇ ಅಲ್ವಾ ಸಾರ್?’

‘ಸರಿ ಇರ್ಬಹುದು. ಈ ಹಾಳೆಯಲ್ಲಿ ಗೊತ್ತಿಲ್ಲ ಅನ್ಲಿಕ್ಕೆ ಜಾಗ ಇಲ್ಲ ಮಾರಾಯ.’

ನನಗೆ ಮೈಯೆಲ್ಲ ಉರಿಯಿತು. ವಾದಿಸಿದೆ, ಬೇಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಫಿಟ್ಟರನನ್ನು ಫೇಲ್ ಮಾಡಿ, ಯಂತ್ರದ ಪೆಟ್ಟಿಗೆ ಬಿಚ್ಚುವ ಕೆಲಸಕ್ಕೆ ಹಾಕಿದರು.

ಅವನ ಜಾಗಕ್ಕೆ ಹತ್ತಕ್ಕೆ ಹತ್ತು ತೆಗೆದ ಇನ್ನೊಬ್ಬ ಬಂದ. ಮೊದಲ ದಿನವೇ ದೂರದ ನೆರಳಲ್ಲಿ ನಿಂತು, ಮೊಬೈಲಿನಿಂದ ಕಣ್ಣೆತ್ತದೆ, ‘ಸೇಫ್! ಯಲ್ಲಾ, ಬೇಗ ಇಳಿ!’ ಎಂದು ಕೂಗಿದ. ಏಣಿಗೆ ಇಟ್ಟ ಕಾಲನ್ನು ನಾನು ಹಿಂದೆಗೆದೆ. ನೇರ ಹೋಗಿ ಫಿಟ್ಟರನನ್ನು ಕರೆತಂದೆ. ಫೋರ್‌ಮನ್ ಬೈಯುತ್ತಲೇ ಇದ್ದ. ಫಿಟ್ಟರ್ ಕಾಲು ಗಂಟೆ ಪೈಪು, ಸ್ವಿಚ್ಚು, ಹಗ್ಗ ಒಂದೊಂದನ್ನೂ ಮುಟ್ಟಿ, ಎಳೆದು ನೋಡಿದ.

‘ಈಗ ಹೇಳು,’ ಎಂದೆ.

ಅವನು ಅಡ್ಡಡ್ಡ ತಲೆಯಾಡಿಸಿದ. ‘ನಾನು ಫೇಲ್, ಟೀಚರ್. ಆ ಮಾತು ಹೇಳುವ ಹಕ್ಕು ನನಗಿಲ್ಲ.’

ಎಷ್ಟು ಗದರಿಸಿದರೂ ಹೇಳಲಿಲ್ಲ. ಆದರೆ ಟ್ಯಾಂಕಿನ ಬಾಯಿ ಬಿಟ್ಟು ಕದಲಲೂ ಇಲ್ಲ. ನಾನು ಇಳಿದೆ.