ಹುಲ್ಲಿಗೆ ಕಾವಲು, ಕಾವಲುಗಾರನಿಗೆ ದಂಡ

ಸೂರ್ಯ ಇನ್ನೂ ಅಟ್ಲಾಸ್ ಬೆಟ್ಟದ ಆಚೆಗಿದ್ದಾನೆ. ಇಳಿಜಾರಿನ ತುಂಬ ಕುರಿಗಳು, ಒಂದರ ಬೆನ್ನ ಮೇಲೆ ಇನ್ನೊಂದರ ಕತ್ತು. ಎದುರಿಗೆ ಮೊಣಕಾಲುದ್ದದ ಹುಲ್ಲು, ನಡುವೆ ಕಲ್ಲಿನ ಒಂದು ಸಾಲು, ಅದರ ಮೇಲೆ ಕೋಲು ಹಿಡಿದು ನಿಂತ ಮುದುಕ ಬಸ್ಸೊ. ವಸಂತವಿಡೀ ಮುಚ್ಚಿದ್ದ ಹುಲ್ಲುಗಾವಲು ಇವತ್ತು, ಬಿಸಿಲು ಹುಲ್ಲು ಮುಟ್ಟಿದ ಕೂಡಲೇ, ತೆರೆಯುತ್ತದೆ.

“ಮಾವಾ, ಬಿಸಿಲು ಬಂತಲ್ಲ, ಕೋಲು ಇಳಿಸು,” ಯಾರೋ ಕೂಗುತ್ತಾರೆ.

“ನಿನ್ನ ಟೋಪಿ ಮೇಲೆ ಬಂದಿರಬಹುದು. ಹುಲ್ಲಿನ ಮೇಲೆ ಬಂದಿಲ್ಲ, ತಡ್ಕೊ.”

ಹುಲ್ಲು ಬೀಜ ಉದುರಿಸುವ ತನಕ ಒಂದು ಕುರಿಯೂ ಒಳಗೆ ಕಾಲಿಡಕೂಡದು, ಅದು ಇಲ್ಲಿಯ ಕಟ್ಟಳೆ. ಮೇಲೂರಿನವರಿಗೆ ಬೇಗ ತೆರೆಯಬೇಕು, ಅವರ ಮೇವು ಚಳಿಗಾಲಕ್ಕೇ ಮುಗಿದಿರುತ್ತದೆ. ಕೆಳಗಿನೂರಿನವರಿಗೆ ತಡವಾಗಬೇಕು, ಬಾರ್ಲಿ ಕೊಯ್ಲು ಮುಗಿಸಿ ಬಂದರೆ ತಮಗೂ ಹುಲ್ಲು ಉಳಿದಿರಬೇಕಲ್ಲ. “ಹುಲ್ಲಿಗೆ ಬಾಯಿಲ್ಲ, ಅದರ ಪರ ನಾನು,” ಎನ್ನುತ್ತಾರೆ ಬಸ್ಸೊ. ಹಿಮ ಕರಗಿದಾಗಿನಿಂದ ಕಲ್ಲಿನ ಗೂಡಿನಲ್ಲಿ ಅವರೊಬ್ಬರೇ. ಒಣರೊಟ್ಟಿ, ಮಜ್ಜಿಗೆ, ಜೊತೆಗೆ ಎರಡೂ ಊರಿನವರ ಬೈಗುಳ.

ಈ ವಸಂತದಲ್ಲಿ ಮೇಲೂರಿನ ವಿಧವೆ ಇಟ್ಟೊ ಬಂದು ಗೂಡಿನೆದುರು ಕೂತಳು. ಅವಳ ಈದ ಕುರಿಗಳ ಕೆಚ್ಚಲು ಬತ್ತಿತ್ತು. “ಅಣ್ಣಾ, ಮರಿ ಸಾಯ್ತಾವೆ. ನಿನ್ನ ಕಟ್ಟಳೆ ಹಾಲು ಕೊಡುತ್ತಾ?”

ಬಸ್ಸೊ ಅವುಗಳನ್ನು ಹುಲ್ಲುಗಾವಲೊಳಗಿನ ತೊರೆಯ ಅಂಚಿಗೆ ಬಿಟ್ಟರು. ಬೀಜದ ಹುಲ್ಲು ಅಲ್ಲಿ ಬೆಳೆಯುವುದಿಲ್ಲ. ಆಮೇಲೆ ತಾವೇ ಬೆಟ್ಟ ಇಳಿದು ಎರಡೂ ಊರಿನ ಹಿರಿಯರ ಕೂಟದೆದುರು ನಿಂತರು. “ಕಟ್ಟಳೆ ಮುರಿದಿದ್ದೀನಿ. ದಂಡ ಹಾಕಿ.”

“ಬೇಲಿಯೇ ಎದ್ದು ಹೊಲ ಮೇಯ್ದ್ರೆ ಕೇಳೋರ್ಯಾರು?” ಎಂದು ಕೆಳಗಿನೂರಿನ ಹಿರಿಯ ಝಾಯಿದ್ ಗುಡುಗಿದರು.

ಇಲ್ಲಿ ದಂಡವೆಂದರೆ ಇಡೀ ಕೂಟಕ್ಕೆ ಊಟ. ಬಸ್ಸೊ ಅವರ ಬಳಿ ಇದ್ದೊಂದು ಟಗರು ಬೆಂದು ಕೂಸ್‌ಕೂಸ್ ರವೆಯನ್ನದ ಮೇಲೆ ಬಂತು. ಒಂದೇ ಹರಿವಾಣಕ್ಕೆ ಕೈ ಹಾಕಿ ಕೂತವರು ಎಷ್ಟು ಹೊತ್ತು ಜಗಳ ಆಡಿಯಾರು? ಮಾತು ಏರಿತು, ಇಳಿಯಿತು, ಚಹಾ ಬರುವ ಹೊತ್ತಿಗೆ ಹೊಸ ಕಟ್ಟಳೆಯೇ ಹುಟ್ಟಿತು: ಈದ ಕುರಿಗಳಿಗೆ ತೊರೆಯಂಚು, ಮಿಕ್ಕವು ಮೊದಲಿನಂತೆ ಕಾಯಬೇಕು. ಆದರೂ ಝಾಯಿದ್ ಬಿಡಲಿಲ್ಲ. ಬಸ್ಸೊ ಮತ್ತೆ ಕಾವಲಿಗೆ ಬೇಕೋ ಬೇಡವೋ, ತೆರೆಯುವ ದಿನ ಹೇಳುತ್ತೇವೆ ಎಂದರು.

ಆ ದಿನ ಇದೇ. ಬಿಸಿಲು ಹುಲ್ಲು ಮುಟ್ಟುತ್ತದೆ. ಬಸ್ಸೊ ಕೋಲನ್ನು ನೆಲಕ್ಕಿಡುತ್ತಾರೆ. ಅಬ್ಬಾ, ಆ ನುಗ್ಗಾಟ! ನಾಯಿ, ಮಕ್ಕಳು, ಹೆಂಗಸರ ಕೇಕೆ, ನಡುವೆ ಇಟ್ಟೊಳ ಮರಿಗಳ ನೆಗೆತ. ಕಾವಲುಗಾರನ ಕುರಿಗಳು ಎಲ್ಲಕ್ಕಿಂತ ಕಡೆಗೆ ಹೋಗಬೇಕು, ಬಸ್ಸೊ ಕಾಯುತ್ತಾರೆ.

ಝಾಯಿದ್ ಬಂದು ಕೋಲು ಎತ್ತಿ ಅವರ ಕೈಗೇ ಕೊಡುತ್ತಾರೆ. “ಇನ್ನೊಂದು ವರ್ಷ ಹಿಡ್ಕೊ. ತಪ್ಪಿದ್ರೆ ಮತ್ತೆ ಟಗರು ಕಡಿಸ್ತೀನಿ.”

“ಕಡಿಸು ಮಾರಾಯ, ಬಿಡಬೇಡ,” ಬಸ್ಸೊ ನಗುತ್ತಾರೆ. “ಆ ನೆವದಲ್ಲಾದ್ರೂ ಎರಡೂರಿನವ್ರು ಒಂದೇ ತಟ್ಟೇಲಿ ಉಣ್ತೀರಿ.”