ಬೇರೆ ಡಬ್ಬಿಯ ಬಿಳಿ ಪುಡಿ

ಹೋದ ವಾರ ನಮ್ಮ ಕಾಲೇಜಿನ ಲ್ಯಾಬಿಗೆ ಡೆಕ್ಸ್ಟ್ರಿನ್ ಪುಡಿಯ ಹೊಸ ಡಬ್ಬಿ ಬಂತು. ಮುಚ್ಚಳ ತೆಗೆದಾಗ ಹುರಿದ ಹಿಟ್ಟಿನಂಥ ಸಣ್ಣ ವಾಸನೆ. ಡಬ್ಬಿಯನ್ನು ಹಾಗೇ ಮೇಜಿನ ಮೇಲಿಟ್ಟು ಕುಳಿತುಬಿಟ್ಟೆ. ಚಾಚಾ ನೆನಪಾದರು...

ನಾನು ದಾವಣಗೆರೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಅವರು ನಮ್ಮ ಲ್ಯಾಬಿನ ಅಟೆಂಡರ್, ನಮಗೆಲ್ಲ ಚಾಚಾ. ಗುತ್ತಿಗೆ ಕೆಲಸ. ದಿನಾ ಹರಿಹರದಿಂದ ಬಸ್ಸಿನಲ್ಲಿ ಬಂದು, ನಾವು ಬರುವಷ್ಟರಲ್ಲಿ ಗಾಜಿನ ಸಾಮಾನೆಲ್ಲ ತೊಳೆದು ಬೋರಲು ಹಾಕಿರುತ್ತಿದ್ದರು.

ಪೆಲ್ಲೇಡಿಯಂ ಎಂಬ ಲೋಹದ ಅತಿ ಸಣ್ಣ ಕಣಗಳನ್ನು ನೀರಿನಲ್ಲೇ ತಯಾರಿಸುವುದು ನನ್ನ ಕೆಲಸ. ಕಾರ್ಖಾನೆಯ ಕೊಳೆನೀರಿನ ಕೆಲವು ವಿಷಗಳನ್ನು ಅವು ಬೇಗ ಬೇರೆ ರೂಪಕ್ಕೆ ತಿರುಗಿಸುತ್ತವೆ. ಆದರೆ ಸುಮ್ಮನೆ ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ಕಪ್ಪು ಮಡ್ಡಿಯಾಗಿ ತಳ ಸೇರುತ್ತವೆ. ಅಂಟದಂತೆ ತಡೆಯಲು ನಾನು ಗ್ಲೂಕೋಸ್ ಬಳಸಿದ್ದೆ. ಕಣಗಳು ತಿಂಗಳುಗಟ್ಟಲೆ ತೇಲಿಕೊಂಡೇ ಇದ್ದವು. ಲೇಖನ ಬರೆದೆವು, ಪತ್ರಿಕೆಯವರು ಒಪ್ಪಿದರು.

ಅಷ್ಟರಲ್ಲಿ ಆ ಗ್ಲೂಕೋಸ್ ಬಾಟಲಿ ಮುಗಿದು ಹೊಸದನ್ನು ತೆರೆದೆ. ಕಣಗಳು ತೇಲಿ ನಿಲ್ಲಲಿಲ್ಲ. ಏಳು ಸಲ ಮಾಡಿದೆ. ಪ್ರತಿ ಬೆಳಿಗ್ಗೆ ತಳದಲ್ಲಿ ಅದೇ ಕಪ್ಪು ಮಡ್ಡಿ. ಗೈಡ್ ಮೇಡಂ ನನ್ನ ನೋಟ್‌ಬುಕ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಸೋಮವಾರ ಕಮಿಟಿ ಕೂರುತ್ತೆ. ನೀನು ಸುಳ್ಳು ರಿಸಲ್ಟ್ ಬರ್ದೆ ಅಂತಾನೇ ಅವ್ರು ತಿಳ್ಕೊಳ್ಳೋದು" ಎಂದರು. ಅವರೂ ಹಾಗೇ ತಿಳಿದಿದ್ದರೆಂಬುದು ಮುಖದಲ್ಲೇ ಕಾಣುತ್ತಿತ್ತು.

ಶನಿವಾರ ಮಧ್ಯಾಹ್ನ ಚಾಚಾ ಸಿಂಕಿನ ಹತ್ತಿರ ಫ್ಲಾಸ್ಕು ತೊಳೆಯುತ್ತ, "ಯಾಕ ಬೇಟಿ, ಊಟಕ್ಕೂ ಹೋಗಿಲ್ಲ?" ಎಂದು ಕೇಳಿದರು. ಎಲ್ಲ ಹೇಳಿದೆ. ಹಳೆಯ ಗ್ಲೂಕೋಸ್ ಬಾಟಲಿ ಎಂದದ್ದೇ ಅವರ ಕೈ ನಿಂತಿತು. ನಲ್ಲಿ ಹರಿಯುತ್ತಲೇ ಇತ್ತು.

ಸೋಮವಾರ ಮುಖ್ಯಸ್ಥರ ಕೋಣೆಯಲ್ಲಿ ಮೂವರ ಎದುರು ನಾನು ತಡವರಿಸುತ್ತ ನಿಂತಿದ್ದೆ. ಕೇಳದೆಯೇ ಬಾಗಿಲು ತಳ್ಳಿಕೊಂಡು ಚಾಚಾ ಒಳಗೆ ಬಂದರು.

"ಸಾರ್, ಒಂದ್ ಮಾತೈತೆ. ಹೋದ ವರ್ಷ ಕಪಾಟು ಒರೆಸೋವಾಗ ಗ್ಲೂಕೋಸು ನನ್ ಕೈಯಾಗೆ ಚೆಲ್ಲಿತ್ರಿ. ಕೆಲ್ಸ ಹೋಗ್ತೈತೆ ಅಂತ ಹೆದ್ರಿ, ಪಕ್ಕದ ಡಬ್ಬಿಯಾಗಿನ ಬಿಳಿ ಪುಡಿ ಆ ಬಾಟ್ಲಿಯಾಗೆ ತುಂಬಿಟ್ಟೆ. ಈ ಹುಡುಗಿ ಸುಳ್ಳು ಬರ್ದಿಲ್ರಿ."

ಪಕ್ಕದ ಡಬ್ಬಿಯಲ್ಲಿದ್ದದ್ದು ಡೆಕ್ಸ್ಟ್ರಿನ್, ಗ್ಲೂಕೋಸ್ ಸಕ್ಕರೆಯೇ ಸರಪಳಿಯಾಗಿ ಬೆಳೆದ ಪುಡಿ. ಕಮಿಟಿಯವರ ಎದುರೇ ಅದನ್ನು ಹಾಕಿ ಕಣಗಳನ್ನು ತಯಾರಿಸಿದೆ. ಮರುದಿನ ಬೆಳಿಗ್ಗೆ ತಳದಲ್ಲಿ ಮಡ್ಡಿ ಇರಲಿಲ್ಲ. ಕೊಳೆನೀರಿನ ವಿಷ ಬೆರೆಸಿದ ಪರೀಕ್ಷೆಯ ಹಳದಿ ದ್ರಾವಣಕ್ಕೆ ಅದರ ಕೆಲವು ಹನಿ ಬಿಟ್ಟೆ. ಒಂದು ನಿಮಿಷ... ಎರಡು ನಿಮಿಷ... ಹಳದಿ ಹಾಗೇ ಇತ್ತು. ಆಮೇಲೆ ಬಣ್ಣ ಅಂಚಿನಿಂದ ತೆಳುವಾಗುತ್ತ ಬಂದು, ನೋಡನೋಡುತ್ತಲೇ ತಿಳಿನೀರಾಯಿತು.

ಮುಖ್ಯಸ್ಥರು ನನ್ನತ್ತ ತಿರುಗಿ, "ಪುಡಿ ಬೇರೆ ಅಂತ ನಿನಗೆ ಅನುಮಾನಾನೇ ಬರ್ಲಿಲ್ವಾ?" ಎಂದರು.

"ಇಲ್ಲ ಸಾರ್" ಎಂದೆ.

ಬಂದಿತ್ತು. ಮೊದಲ ದಿನವೇ ಆ ಬಾಟಲಿಯನ್ನು ಚಾಚಾ ಮುಂದೆ ಹಿಡಿದು, ಇದ್ಯಾಕೆ ಹುರಿದ ಹಿಟ್ಟಿನ ವಾಸನೆ ಎಂದು ಕೇಳಿದ್ದೆ. ಅವರು ನಕ್ಕು ಮಾತು ಮರೆಸಿದ್ದರು. ನಾನೂ ಪರೀಕ್ಷಿಸಲಿಲ್ಲ, ಬರೆದಿಡಲಿಲ್ಲ. ಅದನ್ನು ಅಲ್ಲಿ ಹೇಳಿದ್ದರೆ ತಪ್ಪು ಇಬ್ಬರಿಗೂ ಹಂಚಿಹೋಗುತ್ತಿತ್ತು. ಚಾಚಾ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರೂ ಬಾಯಿ ಬಿಡಲಿಲ್ಲ.

ಅದೇ ವಾರ ಅವರನ್ನು ಕೆಲಸದಿಂದ ತೆಗೆದರು. ನಮ್ಮ ಲೇಖನ ತಿದ್ದುಪಡಿಯಾಗಿ ಅಚ್ಚಾಯಿತು, ನನಗೆ ಪದವಿ ಬಂತು. ಎಷ್ಟೋ ಸಲ ಹರಿಹರ ದಾಟಿ ಹೋಗಿದ್ದೇನೆ. ಮುಂದಿನ ಸಲ ಇಳಿಯೋಣ ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು...

ಈ ಭಾನುವಾರ ಇಳಿದೆ. ವಿಚಾರಿಸಿಕೊಂಡು ಮನೆ ಹುಡುಕಿದೆ. ಅವರ ಹೆಂಡತಿ ಬಾಗಿಲು ತೆರೆದರು. "ಅವ್ರು ತೀರಿ ಹೋಗಿ ಎರಡ್ ವರ್ಷ ಆತು. ಬರ್ರಿ, ಕೂಡ್ರಿ" ಎಂದರು. ನಾನು ನಿಂತೇ, ಅಂದು ಆ ಕೋಣೆಯಲ್ಲಿ ಹೇಳದೇ ಉಳಿಸಿಕೊಂಡದ್ದನ್ನು ಹೇಳಿದೆ.

ಅವರು ತಲೆಯಾಡಿಸಿದರು. "ಗೊತ್ತೈತಮ್ಮ. ಅವತ್ತೇ ಮನೆಗೆ ಬಂದು ಹೇಳಿದ್ರು. ಆ ಹುಡುಗೀನೂ ನನ್ನಂಗೇ ಹೆದ್ರಿತ್ತು, ಪಾಪ, ಅಂದ್ರು."

ಕ್ಷಮೆ ಕೇಳಬೇಕಾದವರು ಆ ಮನೆಯಲ್ಲಿ ಇರಲಿಲ್ಲ.